ಒಂದೇ ಖಣದ ತಂಗಿಯರು

ಹೋದ ವಾರ ಗೋಕಾಕಿನ ಒಂದು ಮಂಗಲ ಕಾರ್ಯಾಲಯದಲ್ಲಿ, ತುಂಬಿದ ಸಭೆಯ ನಡುವೆ, ನಾನು ಕುರ್ಚಿಯಿಂದ ಅರ್ಧ ಎದ್ದು ಮತ್ತೆ ಕುಳಿತೆ. ಪೂರ್ತಿ ಏಳುವುದು ಸುಲಭ. ಪೂರ್ತಿ ಕೂರುವುದೂ ಸುಲಭ. ಅರ್ಧ ಎದ್ದವಳ ಗತಿ ವೈರಿಗೂ ಬೇಡ.

ನಮ್ಮ ಭಾಗದ ಧುರೀಣರೊಬ್ಬರು ತೀರಿಕೊಂಡು ವರ್ಷವಾಯಿತು. ಅವರ ನುಡಿನಮನ ಅದು. ಹೆಸರು ಬರೆಯುವುದಿಲ್ಲ. ನಾನು ಎಂದೂ ಹೆಸರು ಹಿಡಿದು ಕರೆದವಳಲ್ಲ, ಅಣ್ಣ ಎನ್ನುತ್ತಿದ್ದೆ. (ಪೇಪರಿನವರು ‘ಅವನು’ ಎಂದಿದ್ದಲ್ಲಿ ‘ಅವರು’ ಮಾಡಬೇಡಿರಿ. ಅಣ್ಣನಿಗೆ ಬಹುವಚನ ಹಚ್ಚಿದರೆ ಅವನು ಪರರ ಮನೆಯವನಾಗುತ್ತಾನೆ.)

ಅಣ್ಣನಾದದ್ದು ಹೇಗೆ? ನನಗೆ ಒಡಹುಟ್ಟಿದ ಗಂಡುಮಕ್ಕಳಿಲ್ಲ. ನಮ್ಮ ಕಡೆ ನಾಗರ ಪಂಚಮಿಗೆ ಅಣ್ಣನಾದವನು ಬಂದು ತಂಗಿಯನ್ನು ತವರಿಗೆ ಕರೆದೊಯ್ಯಬೇಕು. ಆಗದಿದ್ದರೆ ಕುಪ್ಪಸಕ್ಕೊಂದು ಖಣವನ್ನಾದರೂ ಕಳಿಸಬೇಕು. ನನಗೆ ಅದೂ ಇಲ್ಲ, ಇದೂ ಇಲ್ಲ. ಅಂಥ ಒಂದು ಪಂಚಮಿಗೆ ಮುಂಚೆ ನಾನು ಶೇಂಗಾ ಉಂಡಿ ಕಟ್ಟುತ್ತ ಕುಳಿತಿದ್ದೆ. ಗೋಕಾಕಿನ ಬಾಜೂಕಿನ ನಮ್ಮ ಊರಿಗೆ ಅವನು ಮೊದಲ ಸಲ ಬಂದ. ಹೊಸ ಮುಖ, ಕೈಮುಗಿದು ನಿಂತಿದ್ದ.

“ಪಂಚಮಿಗೆ ಕರ್ಯಾಕ ಬಂದೀರೋ, ವೋಟ್ ಕೇಳಾಕ ಬಂದೀರೋ?” ಎಂದೆ.

“ಎರಡಕ್ಕೂ ಬಂದೇನಿ ತಂಗಿ,” ಎಂದು ನನ್ನ ತಾಟಿನಿಂದ ಒಂದು ಉಂಡಿ ಎತ್ತಿ ಬಾಯಿಗೆ ಹಾಕಿಕೊಂಡ.

ಮುಂದಿನ ಪಂಚಮಿಗೆ ಖಣ ಬಂತು. ನೇರಳೆ ಬಣ್ಣ, ಕೆಂಪು ಅಂಚು. ಗೆದ್ದ ವರ್ಷವೂ ಅದೇ ಬಣ್ಣದ್ದು ಬಂತು, ಸೋತ ವರ್ಷವೂ ಬಂತು. ಸೋತ ವರ್ಷದ್ದೇ ಹೆಚ್ಚು ಚಂದವಿತ್ತು.

ಖಣ ತೆಗೆದುಕೊಂಡ ತಂಗಿಗೆ ಬೈಯುವ ಹಕ್ಕು ಬರುತ್ತದೆ. ಆ ಹಕ್ಕನ್ನು ನಾನು ಪೆಟಾರಿಯಲ್ಲಿಟ್ಟು ಕೊಳೆಸಲಿಲ್ಲ. ನಮ್ಮ ಊರಿಗೆ ವಸ್ತಿ ಬಸ್ಸು ಇರಲಿಲ್ಲ. (ರಾತ್ರಿ ಊರಲ್ಲೇ ನಿಂತು ನಸುಕಿನಲ್ಲಿ ಹೊರಡುವ ಬಸ್ಸು.) ಕಾಲೇಜಿಗೆ ಹೋಗುವ ಹುಡುಗಿಯರು ಹಾಲಿನ ಟೆಂಪೋದಲ್ಲಿ ಕ್ಯಾನುಗಳ ನಡುವೆ ಕೂರುತ್ತಿದ್ದರು. ಒಂದು ದಿನ ನಾನು ಅವನ ಜೀಪನ್ನು ಅಡ್ಡಗಟ್ಟಿದೆ.

“ಖಣಾ ಕೊಟ್ಟು ಕೈ ತೊಳ್ಕೊಂಡಿ ಏನಣ್ಣಾ? ನಿನ್ನ ಮಗಳನ್ನ ಹಾಲಿನ ಕ್ಯಾನಿನ ಮ್ಯಾಲೆ ಕುಂದ್ರಿಸಿ ಕಳಸ್ತಿ ಏನು?”

ಊರೆಲ್ಲ ನೋಡುತ್ತಿತ್ತು. ಅವನ ಮುಖ ಕೆಂಪಾಯಿತು. ಜೀಪು ತಿರುಗಿಸಿಕೊಂಡು ಹೋದ. ಬಸ್ಸು ಬಂತು. ಅದರ ಹಿಂದೆಯೇ ಅವನೂ ಬಂದ. ನನ್ನ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು, ಒಳಗೆ ಬಾರದೆ ಕೂಗಿದ: “ತಂಗೀ, ಸಿಟ್ಟು ಇಳದೈತೋ, ಇನ್ನೂ ಐತೋ?”

ಆ ಮಾತನ್ನು ನಾನು ಎಷ್ಟು ವರ್ಷ ಜೋಪಾನ ಮಾಡಿದ್ದೆ! ಇಡೀ ತಾಲೂಕಿಗೆ ದೊಡ್ಡವನಾದವನು ನನ್ನೊಬ್ಬಳ ಸಿಟ್ಟಿಗೆ ಹೆದರುತ್ತಾನೆ ಎಂದು. ಯಾರಿಗಿದೆ ಅಂಥ ಭಾಗ್ಯ?

ಈಗ ಗೋಕಾಕಿಗೆ ಬರೋಣ. ಕಾರ್ಯಕರ್ತನೊಬ್ಬ ಫೋನ್ ಮಾಡಿದ್ದ. “ಅಣ್ಣಾವ್ರ ಫೋಟೋಕ್ಕ ಅವರ ತಂಗಿ ಕಡಿಂದನ ಹಾರ ಹಾಕಿಸಬೇಕಂತ ಮಾಡೇವ್ರಿ. ನೀವು ಬರಾಕ ಬೇಕ್ರಿ ಆಯಿ.” ಇಷ್ಟು ಹೇಳಿದರೆ ನಾನು ಏನು ತಿಳಿಯಲಿ? ಅವನು ಕೊಟ್ಟ ಕೊನೆಯ ಖಣವನ್ನು ಹೊಲಿಸಿಯೇ ಇರಲಿಲ್ಲ. ಟೇಲರ್ ಕಡೆ ಕೂತು ಹೊಲಿಸಿಕೊಂಡು ಬಂದೆ. ಸೊಸೆ ಬೇರೆ, “ಅತ್ತೀ, ಸ್ಟೇಜ್ ಮ್ಯಾಲೆ ಅಳಬ್ಯಾಡ್ರಿ, ಕೇಬಲ್ ಟೀವ್ಯಾಗ ಚಂದ ಕಾಣೂದಿಲ್ಲ,” ಎಂದಳು. ಅಳುವವಳು ನಾನಲ್ಲ ಎಂದೆ.

ಒಳಗೆ ಹೋದರೆ ಹೆಂಗಸರ ಸಾಲು. ನೋಡಿದೆ. ಕಣ್ಣು ತಿಕ್ಕಿಕೊಂಡು ಮತ್ತೆ ನೋಡಿದೆ. ನೇರಳೆ ಬಣ್ಣ, ಕೆಂಪು ಅಂಚು. ನೇರಳೆ ಬಣ್ಣ, ಕೆಂಪು ಅಂಚು. ಈ ತುದಿಯಿಂದ ಆ ತುದಿಯವರೆಗೆ ಎಲ್ಲರ ಮೈಮೇಲೂ ನನ್ನ ಕುಪ್ಪಸ! ಬ್ಯಾಂಡ್ ಕಂಪನಿಯವರು ಯೂನಿಫಾರ್ಮ್ ಹಾಕಿಕೊಂಡು ಕೂತ ಹಾಗೆ.

ನಾನು ಸೆರಗು ಹೊದ್ದು ಕುಳಿತೆ. ಅಷ್ಟರಲ್ಲಿ ಮೈಕಿನಲ್ಲಿ ಕೂಗಿದರು: “ಈಗ ಅಣ್ಣಾವ್ರ ಪ್ರೀತಿಯ ತಂಗಿ...” ನಾನು ಅರ್ಧ ಎದ್ದೆ. “...ಮೇಲವಂಕಿಯ ಭಾಗವ್ವ.”

ಬಾಜೂ ಕೂತಿದ್ದ ಮೂಡಲಗಿಯ ಪದ್ಮಕ್ಕ ನನ್ನ ಕೈ ಜಗ್ಗಿದರು. ಕಿರಾಣಿ ವ್ಯಾಪಾರದ ಜೈನರ ಮನೆಯವರು. “ಕುಂದರ್ರಿ ಅಕ್ಕಾರ. ನಾನೂ ಅರ್ಧಾ ಎದ್ದಿದ್ದೆ,” ಎಂದರು.

ಸವತಿಯರ ಹೊಟ್ಟೆಕಿಚ್ಚು ಎಲ್ಲರಿಗೂ ಗೊತ್ತು. ತಂಗಿಯರದ್ದು ಅದಕ್ಕಿಂತ ಕೆಟ್ಟದ್ದು, ಬರೆದಿಟ್ಟುಕೊಳ್ಳಿರಿ.

ಭಾಗವ್ವ ಹಾರ ಹಾಕಿದ ಮೇಲೆ ಸ್ಟೇಜಿನ ಮೇಲಿನ ದೊಡ್ಡವರೆಲ್ಲ ಭಾಷಣ ಮಾಡಿದರು. ಬಡವರ ಬಂಧು. ಅಜಾತಶತ್ರು. (ಶತ್ರುಗಳೇ ಇರಲಿಲ್ಲವಂತೆ! ಅವನನ್ನು ಸೋಲಿಸಿದವರೇ ಮುಂದಿನ ಕುರ್ಚಿಯಲ್ಲಿ ಕೂತು ತಲೆ ಆಡಿಸುತ್ತಿದ್ದರು.) ಕೊನೆಗೆ ಭಾಗವ್ವ ಮೈಕು ಹಿಡಿದು, ಫೋಟೋಕ್ಕೇ ಮಾತಾಡಿದಳು. “ಅಣ್ಣಾ, ಹಳ್ಳಕ್ಕ ಬ್ರಿಜ್ ಮಾಡಿಸಿದಿ, ಬಾಜೂಕ ಗ್ವಾಡಿ ಮರ್ತಿ. ಸಣ್ಣ ಮಕ್ಕಳು ಬಿದ್ದರ ನಿನ್ನ ಹೆಸರೀಲೆ ಅಳತೇನಿ ಅಂತ ಬೈದಿದ್ನಿ. ಗ್ವಾಡಿ ಕಟ್ಟಿಸಿದಿ.” ಅಷ್ಟೇ. ಇಳಿದಳು. ಅಷ್ಟು ಹೊತ್ತಿನ ಭಾಷಣಗಳು ಆ ಹಳ್ಳದಲ್ಲೇ ಕೊಚ್ಚಿಹೋದವು. ಚೆನ್ನಾಗಿ ಮಾತಾಡಿದಳು ಎಂದು ಒಪ್ಪಲು ನನಗೆ ಈ ವಾರವೆಲ್ಲ ಬೇಕಾಯಿತು.

ಊಟದ ಪಂಕ್ತಿಯಲ್ಲಿ ಅವಳ ಎದುರೇ ಕೂತೆ, ಬೇಕೆಂದೇ. ನನ್ನ ಬಸ್ಸಿನ ಕಥೆ ಹೇಳಿದೆ.

“ಇಷ್ಟ ಬೈದಿ?” ಎಂದಳು ಭಾಗವ್ವ, ರೊಟ್ಟಿ ಮುರಿಯುತ್ತ. “ನಾ ಅವನ ಕೈಯಾಗಿನ ಚಾ ಕಪ್ಪು ಕಸ್ಕೊಂಡಿದ್ನಿ.”

“ನಾ ಊರಾಗ ಕಾಲಿಡಬ್ಯಾಡ ಅಂದಿದ್ದೆ,” ಎಂದರು ಪದ್ಮಕ್ಕ. “ದವಾಖಾನಿಗೆ ಹೆಣ್ಣ ಡಾಕ್ಟರ್ ಬರೂತನಾ. ಡಾಕ್ಟರ್ ಬಾಯಿ ಬಂದ ಮ್ಯಾಲೆ ಬಂದ. ಬಾಗಲಾಗ ನಿಂತು ಏನಂದ ಗೊತ್ತೈತೇನ್ರಿ?”

ಗೊತ್ತಿತ್ತು. ಹೇಳಬೇಡಿರಿ ಎನ್ನುವಷ್ಟರಲ್ಲಿ ಭಾಗವ್ವನೇ ಹೇಳಿಬಿಟ್ಟಳು, ಥೇಟ್ ಅವನ ದನಿಯಲ್ಲಿ: “ತಂಗೀ, ಸಿಟ್ಟು ಇಳದೈತೋ, ಇನ್ನೂ ಐತೋ?”

ಮುರಿದ ರೊಟ್ಟಿಯನ್ನು ತಾಟಿಗೇ ಇಟ್ಟೆ. ಖಣ ಹಂಚಿದ, ಹೋಗಲಿ. ಬಸ್ಸು, ಬ್ರಿಜ್, ಡಾಕ್ಟರು ಹಂಚಿದ, ಅದು ಅವನ ಕೆಲಸ. ಆ ಒಂದು ಮಾತನ್ನಾದರೂ ನನ್ನೊಬ್ಬಳಿಗೆ ಇಡಬಾರದಿತ್ತೇ?

ರಾಜಕೀಯದ ಹಿಕಮತ್ತು ಅದು, ಒಂದು ಖಣಕ್ಕೆ ಒಂದು ಮನೆಯ ವೋಟು, ಎಂದಳು ಸೊಸೆ, ನಾನು ಮನೆಗೆ ಬಂದು ಹೇಳಿದಾಗ. ಇರಬಹುದು. ಆದರೆ ವೋಟಿಗಾಗಿ ಊರೂರಿಗೆ ಒಬ್ಬೊಬ್ಬಳನ್ನು ಬೈಯಲು ಇಟ್ಟುಕೊಳ್ಳುವ ಹುಚ್ಚ ಎಲ್ಲಿದ್ದಾನೆ? ಈಗಿನವರು ಸೀರೆಯನ್ನೇ ಕಳಿಸುತ್ತಾರೆ, ಟೆಂಪೋ ತುಂಬಿಸಿ. ಕೊಟ್ಟವರ ಮುಖ ಕಾಣುವುದಿಲ್ಲ. ಕುಡಿಯುವ ನೀರು ಬರದಿದ್ದರೆ ಯಾರನ್ನು ಬೈಯಲಿ? ಟೆಂಪೋವನ್ನೇ?

ಅವತ್ತು ಕಾರ್ಯಾಲಯದಿಂದ ಹೊರಡುವಾಗ ಭಾಗವ್ವ ಕುಂಕುಮ ಹಚ್ಚಿ, “ಖರೆ ಹೇಳಬೇಕಂದ್ರ ಯಕ್ಕಾ, ನನ್ನಷ್ಟು ಖಾರ ಯಾರೂ ಬೈದಿಲ್ಲ ಬಿಡು ಅವನಿಗೆ,” ಎಂದಳು. ನಾನು ಒಪ್ಪಲಿಲ್ಲ. ಪದ್ಮಕ್ಕನೂ ಒಪ್ಪಲಿಲ್ಲ. ಬಸ್ ಸ್ಟ್ಯಾಂಡಿನವರೆಗೂ ಮೂವರೂ ಅದನ್ನೇ ಜಗಳಾಡಿದೆವು.

ಯಾರದು ಹೆಚ್ಚು ಖಾರವಿತ್ತು ಎಂದು ಹೇಳಬೇಕಾದವನೇ ಹೋಗಿಬಿಟ್ಟನಲ್ಲ, ಈಗ ಯಾರನ್ನು ಕೇಳೋಣ?