ಗಟ್ಟಿ ಸ್ಪ್ರಿಂಗಿನ ಪರವಾಗಿ

ಬೆಳಿಗ್ಗೆ ಕ್ಯಾಂಪಸ್ಸಿನ ವರ್ಕ್‌ಶಾಪ್ ಬಾಗಿಲು ತೆರೆದೊಡನೆ ಹೊಸ ಟೈರುಗಳ ವಾಸನೆ ಮೂಗಿಗೆ ಬಡಿಯಿತು. ಕೆಲವರಿಗೆ ಮಲ್ಲಿಗೆಯಿಂದ ಹಳೆಯದೆಲ್ಲ ನೆನಪಾಗುತ್ತದಂತೆ. ನನ್ನ ಹಣೆಬರಹಕ್ಕೆ ರಬ್ಬರು. ನೆನಪಾದದ್ದೂ ಒಂದು ಸೋಲು. ಅದನ್ನು ಸೋಲೆನ್ನಬಹುದೇ ಎಂಬುದರ ಬಗ್ಗೆ ನನ್ನ ತಕರಾರಿದೆ, ನೀವೇ ತೀರ್ಪು ಕೊಡಿ.

ಎರಡು ವರ್ಷದ ಹಿಂದೆ ಸ್ವೀಡನ್ನಿನ ಟ್ರೋಲ್‌ಹೆಟ್ಟನ್‌ಗೆ ಓದಲು ಬಂದವಳು, ವಿದ್ಯಾರ್ಥಿಗಳೇ ಪುಟ್ಟ ರೇಸ್ ಕಾರು ಕಟ್ಟುವ ತಂಡಕ್ಕೆ ಸೇರಿದೆ. ನನ್ನ ಪಾಲಿಗೆ ಬಂದದ್ದು ಸಸ್ಪೆನ್ಷನ್, ಅಂದರೆ ಚಕ್ರಗಳ ಸ್ಪ್ರಿಂಗಿನ ಕೆಲಸ. ಸಸ್ಪೆನ್ಷನ್ ಬಗ್ಗೆ ನನಗಿದ್ದ ಜ್ಞಾನವೆಲ್ಲ ಬೆಂಗಳೂರಿನ ರಸ್ತೆಗುಂಡಿಗಳು ನನ್ನ ಬೆನ್ನಿಗೆ ಕಲಿಸಿದ್ದು. ಚರ್ಚಾಸ್ಪರ್ಧೆಯ ಬಹುಮಾನಗಳು ಮಾತ್ರ ಬೇಕಾದಷ್ಟಿದ್ದವು. ಎರಡು ವಾರ ಓದಿ, ಫೀಕಾ ಎಂಬ ಇಲ್ಲಿನ ಕಾಫಿ ವಿರಾಮದಲ್ಲಿ ಎಲ್ಲರ ಮೇಜಿನ ಮುಂದೆ ನಿಂತು ವಾದ ಮಂಡಿಸಿದೆ: ಸ್ಪ್ರಿಂಗ್ ಗಟ್ಟಿಯಾದಷ್ಟೂ ತಿರುವಿನಲ್ಲಿ ಕಾರು ವಾಲುವುದು ಕಡಿಮೆ, ವಾಲದ ಕಾರೇ ವೇಗದ ಕಾರು. ಕಾಫಿ ಕುಡಿಯುತ್ತಿದ್ದವರೆಲ್ಲ ಸುಮ್ಮನಾದರು. ಒಬ್ಬ "ಮ್ಮ್" ಎಂದ. ಎದುರಾಳಿ ಸುಮ್ಮನಾದರೆ ನಮ್ಮ ಶಾಸ್ತ್ರದಲ್ಲಿ ಅದು ಗೆಲುವು.

ಅಲ್ಲೇ ಪಿಎಚ್‌ಡಿ ಮಾಡುತ್ತಾ ತಂಡಕ್ಕೆ ಹಿರಿಯಳಂತಿದ್ದ ದಾವಣಗೆರೆಯ ಸುಮಕ್ಕ ಹೊರಗೆ ಬಂದಮೇಲೆ ಕೇಳಿದಳು: "ಗೆದ್ದೆ ಅನ್ಕೊಂಡ್ಯೇನೇ? ಅವ್ರಿನ್ನೂ ಯೋಚ್ನೆ ಮಾಡ್ತಿದಾರೆ ಅಷ್ಟೆ."

"ಉತ್ತರ ಇದ್ದಿದ್ರೆ ಕೊಡ್ತಿದ್ರು, ಸುಮಕ್ಕ."

"ಆಯ್ತು ತಾಯಿ, ಹಾಕ್ಸು ನಿನ್ ಸ್ಪ್ರಿಂಗು."

ಹಾಕಿಸಿದೆ. ಓಡಿಸುವವಳು ಲಿನಿಯಾ, ನನ್ನ ಸಹಪಾಠಿ. ಜಾಗ, ಊರಾಚೆಯ ಹಳೆಯ ಪಾರ್ಕಿಂಗು. ಚಳಿಗಾಲದಲ್ಲಿ ನೆಲದೊಳಗೆ ಹೆಪ್ಪುಗಟ್ಟಿದ ನೀರು ಅಲ್ಲಿನ ಡಾಂಬರನ್ನು ಅಲ್ಲಲ್ಲಿ ಉಬ್ಬಿಸಿತ್ತು. ಮೂರನೆಯ ಸುತ್ತಿನಲ್ಲಿ, ತಿರುವಿನ ನಡುವಿನ ಉಬ್ಬಿಗೆ ಮುಂದಿನ ಚಕ್ರ ನೆಲ ಬಿಟ್ಟಿತು. ಲಿನಿಯಾ ಸ್ಟೀರಿಂಗ್ ತಿರುಗಿಸುತ್ತಲೇ ಇದ್ದಳು; ಕಾರು ಮಾತ್ರ ನೇರ ಹೋಗಿ, ದಾರಿಯ ಗುರುತಿಗೆ ಇಟ್ಟಿದ್ದ ಪ್ಲಾಸ್ಟಿಕ್ ಕೋನುಗಳನ್ನು ಚೆಲ್ಲಾಡಿ, ಬೇಲಿಗೆ ಒಂದು ಮಾರು ದೂರದಲ್ಲಿ ನಿಂತಿತು.

ಓಡಿದೆ. ಓಡುತ್ತಲೇ, ನಾಚಿಕೆಗೇಡು, ವಾದ ಹೊಸೆಯುತ್ತಿದ್ದೆ: ತಪ್ಪು ನೆಲದ್ದು, ಸ್ಪರ್ಧೆಯ ಟ್ರ್ಯಾಕ್ ನುಣುಪಾಗಿರುತ್ತದೆ. ಒಳ್ಳೆಯ ವಾದವೇ; ಗೆಲ್ಲುತ್ತಿತ್ತು ಕೂಡ. ಸುಮಕ್ಕ ಮೊದಲೇ ಶಾಕ್ ಅಬ್ಸಾರ್ಬರಿನ ದಂಡಕ್ಕೆ ಒಂದು ಪ್ಲಾಸ್ಟಿಕ್ ಟೈ ಕಟ್ಟಿದ್ದಳು. ಅಬ್ಸಾರ್ಬರು ಎಷ್ಟು ಕುಗ್ಗಿತೋ ಅಷ್ಟು ದೂರ ಟೈ ಜರುಗಿ ಅಲ್ಲೇ ನಿಲ್ಲಬೇಕು. ಟೈ ಕಡಲೆಕಾಳಿನಷ್ಟೂ ಜರುಗಿರಲಿಲ್ಲ. ಅಂದರೆ ನನ್ನ ಸ್ಪ್ರಿಂಗ್ ಕುಗ್ಗಲೇ ಇಲ್ಲ, ಚಕ್ರವೇ ಎಗರಿತ್ತು.

"ಈಗ ಇದ್ರ ಹತ್ರ ಮಾಡು ವಾದ," ಎಂದಳು ಸುಮಕ್ಕ.

ಲಿನಿಯಾ ಇಳಿದಳು. ಬೇಲಿಗಿದ್ದ ದೂರವನ್ನು ಕಣ್ಣಲ್ಲೇ ಅಳೆದಳು. "ಇನ್ನೊಂದು ಸುತ್ತು ಹೋಗ್ಲಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು, ನನ್ನನ್ನೇ. ಹೋಗು ಎಂದಿದ್ದರೆ ಹೋಗುತ್ತಿದ್ದಳು. ಜೀವನದಲ್ಲಿ ಮೊದಲ ಬಾರಿಗೆ ನನ್ನ ಮಾತಿನ ಬಲಕ್ಕೆ ನಾನೇ ಹೆದರಿದೆ.

"ಬೇಡ. ನನ್ನದು ತಪ್ಪು. ಚಕ್ರ ನೆಲ ಬಿಡದಿರಲಿ ಅಂತಲೇ ಸ್ಪ್ರಿಂಗ್ ಇರೋದು. ನಾನು ಅದನ್ನೇ ಮರೆತೆ," ಎಂದೆ.

"ಸರಿ, ಮುಂದೆ ಯಾವುದು ಹಾಕೋಣ?" ಎಂದಳು ಲಿನಿಯಾ. ಅಷ್ಟೇ. ತಪ್ಪೊಪ್ಪಿಕೊಂಡವಳಿಗೆ ಒಂದು ಚಪ್ಪಾಳೆಯಾದರೂ ಬೇಡವೇ? ಆದರೆ ಸ್ಪ್ರಿಂಗಿನ ಕೆಲಸವನ್ನು ನನ್ನ ಕೈಯಿಂದ ಯಾರೂ ಕಿತ್ತುಕೊಳ್ಳಲೂ ಇಲ್ಲ. ಬೇಸಿಗೆಯವರೆಗೆ ಒಂದೊಂದೇ ಮೆದು ಸ್ಪ್ರಿಂಗ್ ಹಾಕಿ, ಓಡಿಸಿ, ಅಳೆದೆವು. ನನ್ನ ಕಲಿಕೆ ಶುರುವಾದದ್ದು ಹಾಗೆ.

ವಾದ ಬಿಟ್ಟೆನೆಂದು ತಿಳಿಯಬೇಡಿ. ನಿನ್ನೆಯೂ ಒಂದು ನಟ್ಟಿನ ಬಗ್ಗೆ ಅರ್ಧ ಗಂಟೆ ಕಿತ್ತಾಡಿದ್ದೇನೆ. ಈ ವರ್ಷದ ಕಾರಿನ ಸಸ್ಪೆನ್ಷನ್ ಪೂರ್ತಿ ನನ್ನದೇ ವಿನ್ಯಾಸ, ಇವತ್ತು ಮಧ್ಯಾಹ್ನ ಮೊದಲ ಓಟ. ಲೆಕ್ಕ ಸರಿಯಿದೆ ಎಂದು ಅನಿಸುತ್ತದೆ. ಅನಿಸುವುದಷ್ಟೇ. ಅದಕ್ಕೇ ಮೊದಲ ಸುತ್ತು ನಾನೇ ಹೋಗುತ್ತೇನೆ ಎಂದಿದ್ದೇನೆ.

"ನಿಂಗೆ ಡ್ರೈವಿಂಗೇ ನೆಟ್ಟಗೆ ಬರಲ್ವಲ್ಲೇ!" ಎಂದಳು ಸುಮಕ್ಕ.

ನಿಜ. ಮೆಲ್ಲಗೆ ಹೋಗುತ್ತೇನೆ.