ಯಾರದೋ ಕಾಲಿನ ನೋವು

ನಾವೆಲ್ಲ ಕ್ರಿಸ್ತರ ಒಂದೇ ಶರೀರದ ಅಂಗಗಳು, ಒಂದಕ್ಕೆ ನೋವಾದರೆ ಎಲ್ಲಕ್ಕೂ ನೋವು ಎಂದು ನಮ್ಮ ಫಾದರ್ ಪ್ರಸಂಗದಲ್ಲಿ ಹೇಳುವಾಗಲೆಲ್ಲ ನನಗೆ ಒಳಗೊಳಗೇ ನಗು. ನಂಬುತ್ತಿರಲಿಲ್ಲ ಎಂದು ನೇರವಾಗಿಯೇ ಹೇಳಿಬಿಡುತ್ತೇನೆ. ಪಕ್ಕದಲ್ಲಿ ಕೂರುವ ಗೆಳತಿ ಆರೋಗ್ಯಂ, "ಅಂಗಾದ್ರೆ ನೀನು ನಾಲ್ಗೆ ಕಣೇ," ಎಂದು ತಿವಿಯುವಳು. "ನೀನು ಒಟ್ಟೆ," ಎನ್ನುವೆ ನಾನು. ಇದನ್ನು ಫೋನಿನಲ್ಲಿ ಒಂದೇ ಬೆರಳಿನಿಂದ ಒತ್ತಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ಬೆರಳನ್ನು ಬೈಯಿರಿ.

ಕೆಲವು ವರ್ಷಗಳ ಹಿಂದಿನ ಒಂದು ಭಾನುವಾರ. ಕೋಲಾರದ ಚಿನ್ನದ ಗಣಿಯ ನಮ್ಮ ಉರಿಗಾಂನ ಚರ್ಚಿನಲ್ಲಿ ಪರಮಪ್ರಸಾದ ತೆಗೆದುಕೊಂಡು ಬೆಂಚಿಗೆ ಮರಳುತ್ತಿದ್ದೆ. ಇದ್ದಕ್ಕಿದ್ದಂತೆ ಎಡಗಾಲಿನ ಮೇಲೆ ಚಪ್ಪಡಿ ಹೇರಿದ ಹಾಗಾಯಿತು. ಕೂತರೂ ಹೋಗಲಿಲ್ಲ. ಸೀರೆ ಸರಿಸಿ ನೋಡಿದರೆ ಗಾಯವಿಲ್ಲ, ಊತವಿಲ್ಲ. ನನಗೆ ಕಾಟ ಕೊಡುತ್ತಿದ್ದದ್ದು ಯಾವಾಗಲೂ ಬಲಗಾಲು. ಅದಕ್ಕಿಂತ ವಿಚಿತ್ರವೆಂದರೆ, ಆ ನೋವು ನನ್ನದು ಅನಿಸಲೇ ಇಲ್ಲ. ಬೇರೆಯವರ ಮಗುವನ್ನು ಯಾರೋ ನನ್ನ ಮಡಿಲಿಗೆ ಹಾಕಿ ಹೋದಂತಿತ್ತು.

ಆರೋಗ್ಯಂಗೆ ಹೇಳಿದೆ. ಅವಳು ನಗಲಿಲ್ಲ. "ನಮ್ಮೋರು ಯಾರ್ಗೋ ಏನೋ ಆಗೈತೆ. ಪೂಜೆಗೆ ಯಾರ್ ಬಂದಿಲ್ಲ ನೋಡ್ಕೊಂಡ್ ಬರಾಣ ಬಾ," ಎಂದಳು. ಚರ್ಚಿನ ಭಾನುವಾರದ ಪೂಜೆಗೆ ಬಾರದವರ ಮನೆಗೆ ಹೋಗಿ ಪ್ರಾರ್ಥಿಸಿ ಬರುವುದು ನಮ್ಮಲ್ಲಿ ರೂಢಿ. ಕುಂಟುತ್ತಲೇ ಗಣಿ ಕಾರ್ಮಿಕರ ಸಾಲುಮನೆಗಳ ಒಂದೊಂದೇ ಲೈನ್ ಹಿಡಿದು ನಮ್ಮವರ ಬಾಗಿಲುಗಳನ್ನು ತಟ್ಟಿದೆವು. ಒಬ್ಬಳು ಬಿರಿಯಾನಿಗೆ ಈರುಳ್ಳಿ ಹೆಚ್ಚುತ್ತಿದ್ದಳು. ಇನ್ನೊಬ್ಬ ಹಾಸಿಗೆಯಲ್ಲಿದ್ದ, ಬರೀ ಸೋಮಾರಿತನಕ್ಕೆ. ಬಂಗಾರಪೇಟೆಯಲ್ಲಿರುವ ನನ್ನ ಮಗಳಿಗೂ ಫೋನ್ ಮಾಡಿಸಿದೆ. ಎಲ್ಲರೂ ಕ್ಷೇಮ. ನೋವು ಮಾತ್ರ ಏರುತ್ತಲೇ ಇತ್ತು.

ಸಂಜೆ ಹಾಲು ಬರಲಿಲ್ಲ. ಹಾಲು ಕೊಡುವ ಮುನಿವೆಂಕಟಮ್ಮ ಒಂಟಿ ಹೆಂಗಸು. ಗಣಿ ಮುಚ್ಚಿದ ಮೇಲೆ ಪಾಳು ಬಿದ್ದ ಮನೆಯೊಂದರಲ್ಲಿ, ನಮ್ಮ ಹಿಂದಿನ ಬೀದಿಯಲ್ಲೇ ಹಸು ಕಟ್ಟುತ್ತಿದ್ದಳು. ಬೈದುಕೊಂಡೇ ಅಲ್ಲಿಗೆ ಹೋದೆ. ಗೋಡೆ ಕುಸಿದಿತ್ತು. ಅದರಡಿಯಲ್ಲಿ ಅವಳ ಎಡಗಾಲು.

"ಮೈಕಲ್ಲಿ ನೀವೆಲ್ಲ ಪ್ರಸಾದದ ಪದ ಆಡ್ತಿದ್ರಲ್ಲ, ಆವಾಗ ಬಿತ್ತಕ್ಕಾ," ಎಂದಳು. "ಕೂಗ್ದೆ, ಯಾರ್ಗೂ ಕೇಳ್ಸಲಿಲ್ಲ."

ಜನ ಸೇರಿ ಕಲ್ಲು ಎತ್ತಿದ ಕ್ಷಣವೇ ನನ್ನ ಕಾಲು ಹಗುರಾಯಿತು. ಅವಳ ಕಾಲು ಉಳಿಯಲಿಲ್ಲ. ಮಧ್ಯಾಹ್ನವೇ ಕರೆತಂದಿದ್ದರೆ ಉಳಿಸಬಹುದಿತ್ತೇನೋ ಎಂದರು ಡಾಕ್ಟರು.

ಜ್ಞಾನಸ್ನಾನ ಪಡೆದು ಕ್ರೈಸ್ತಳಾಗದ, ಗಂಗಮ್ಮನಿಗೆ ತಂಬಿಟ್ಟಿನ ದೀಪ ಹೊರುವ ಹೆಂಗಸು ಆ ಶರೀರದ ಅಂಗ ಹೇಗಾದಳು ಎಂದು ಫಾದರನ್ನು ಕೇಳಿದೆ. "ಆ ಶರೀರ ಎಲ್ಲಿಗೆ ಮುಗಿಯುತ್ತೆ ಅಂತ ನನಗೂ ಗೊತ್ತಿಲ್ಲಮ್ಮ," ಎಂದರು.

ಒಂದು ದಿನ ಮುನಿವೆಂಕಟಮ್ಮನಿಗೆ ಎಲ್ಲವನ್ನೂ ಹೇಳಿದೆ. ಊರುಗೋಲು ಪಕ್ಕಕ್ಕಿಟ್ಟು ಕೇಳಿಸಿಕೊಂಡಳು. ಜಗಳದ ದನಿಯಲ್ಲಲ್ಲ, ನಿಜಕ್ಕೂ ತಿಳಿದುಕೊಳ್ಳಬೇಕೆಂದೇ ಕೇಳಿದಳು: "ಬೆಳಿಗ್ಗೇನೇ ತಿಳೀತಾ ಅಕ್ಕಾ ನಿಂಗೆ? ಅಷ್ಟೊಂದ್ ಮನೆ ಸುತ್ತಿದ್ಯಲ್ಲ, ನಮ್ ಕಡೀಕ್ ಯಾಕ್ ಬರ್ಲಿಲ್ಲ?"

ಅವಳ ನೋವು ನನ್ನ ಕಾಲಿಗೆ ಹೇಗೆ ಬಂತು ಎಂಬುದು ಇವತ್ತಿಗೂ ನನಗೆ ತಿಳಿದಿಲ್ಲ. ಆದರೆ ಅವಳು ಕೇಳಿದ್ದು ಅದನ್ನಲ್ಲ.