ಮೇಜಿಗೆ ಬರಬಾರದ ದಿನ

ನಮ್ಮ ಚರ್ಚಿನ ಸಭೆಗೆ ಬಿಷಪ್ ಬರುವುದು ವರ್ಷಕ್ಕೊಮ್ಮೆ. ಆ ಭಾನುವಾರ ಬೆಳಿಗ್ಗೆಯೇ ನನ್ನ ಮಗಳು ಮುಟ್ಟಾದಳು. ದೃಢೀಕರಣದ ತರಗತಿ ಮುಗಿಸಿದ ಮಕ್ಕಳು ಬಿಷಪ್‌ರಿಂದ ಆಶೀರ್ವಾದ ಪಡೆದು, ಮೊದಲ ಸಲ ಕರ್ತನ ಮೇಜಿಗೆ ಹೋಗಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಬೇಕಾದ ದಿನ ಅದು. ನಾಲ್ಕನೇ ಬ್ಲಾಕಿನ ಟೈಲರ್ ಹತ್ತಿರ ಹೊಲಿಸಿದ ಬಿಳಿ ಚೂಡಿದಾರವನ್ನು ಮಂಚದ ಮೇಲೆ ಹರಡಿಕೊಂಡು ಹುಡುಗಿ ಅಳುತ್ತಾ ಕೂತಿದ್ದಳು.

ಅತ್ತೆಗೆ ಹೇಗೋ ಗೊತ್ತಾಯಿತು. ಯಡಿಯೂರಿನ ನಮ್ಮ ಎರಡು ಕೋಣೆಯ ಮನೆಯಲ್ಲಿ ಗುಟ್ಟು ಎಲ್ಲಿ ಉಳಿಯುತ್ತದೆ?

"ಹೊರಗಾಗಿದ್ದಾಳೆ ಅಂದ್ಮೇಲೆ ಮುಗೀತು. ಮುಂದಿನ ವರ್ಷ ತಗೊಳ್ಳಲಿ," ಅಂದರು.

"ಯಾಕತ್ತೆ?"

"ಯಾಕೆ ಅಂದ್ರೆ? ಪವಿತ್ರವಾದ ಮೇಜು ಕಣೇ ಅದು. ಆ ದಿನಗಳಲ್ಲಿ ನಾನು ಯಾವತ್ತಾದ್ರೂ ಹೋಗಿದ್ನಾ?"

ನನಗೆ ಮೈಯೆಲ್ಲ ಉರಿದುಹೋಯಿತು. ಇದು ಚರ್ಚಿನ ಯಾವ ಅಯ್ಯನವರೂ ನಮಗೆ ಬೋಧಿಸಿದ್ದಲ್ಲ. ನಮ್ಮ ಹೆಂಗಸರೇ ಒಬ್ಬರ ಕಿವಿಯಲ್ಲಿ ಒಬ್ಬರು ಹೇಳಿಕೊಂಡು ಬಂದದ್ದು. ಅಕ್ಕಪಕ್ಕದವರ ಮಡಿ ಮೈಲಿಗೆ ನೋಡಿ ಮೂಗು ಮುರಿಯುತ್ತೇವೆ, ನಮಗೆ ಅವೆಲ್ಲ ಇಲ್ಲಪ್ಪ ಎಂದು ಜಂಬ ಕೊಚ್ಚುತ್ತೇವೆ. ತಿಂಗಳಿಗೊಮ್ಮೆ ಮಾತ್ರ ಎಲ್ಲರೂ ಮೇಜಿಗೆ ಎದ್ದು ಹೋಗುವಾಗ ತಲೆ ತಗ್ಗಿಸಿ ಕೂತೇ ಇರುತ್ತೇವೆ. ಇಡೀ ವಾರ ಚಾಡಿ ಹೇಳಿದ ಬಾಯಿ ದ್ರಾಕ್ಷಾರಸದ ಪಾತ್ರೆಗೆ ತಾಕಬಹುದು. ಲಂಚ ತಿಂದವರು ಹೋಗಬಹುದು, ಸೊಸೆಯನ್ನು ಅಳಿಸಿದವರು ಹೋಗಬಹುದು. ಹದಿನೈದರ ಈ ಹುಡುಗಿ ಅಶುದ್ಧಳಂತೆ! ಹೊಟ್ಟೆಕಿಚ್ಚು ಹೊಲಸಲ್ಲವಂತೆ, ದೇವರೇ ಕೊಟ್ಟ ಮೈ ಹೊಲಸಂತೆ!

"ಬೈಬಲಲ್ಲಿ ಆ ರಕ್ತ ಹೋಗ್ತಿದ್ದ ಹೆಂಗಸು ಬಂದು ಯೇಸುಸ್ವಾಮಿ ಬಟ್ಟೆ ಮುಟ್ಟಿದಾಗ ಅವರೇನು ಸ್ನಾನಕ್ಕೆ ಓಡಿದ್ರಾ ಅತ್ತೆ?"

"ಬಾಯಿ ಜಾಸ್ತಿ ನಿಂದು."

"ಹೌದು, ಜಾಸ್ತಿನೇ."

ಮಗಳ ಕಡೆ ತಿರುಗಿದೆ. "ಅಜ್ಜಿ ಮಾತೂ ಬಿಡು, ನನ್ನ ಮಾತೂ ಬಿಡು. ನಿಂಗೆ ಬೇಕಾ, ಬೇಡ್ವಾ?"

"ಬೇಕು," ಎಂದು ಮೂಗು ಒರೆಸಿಕೊಂಡಳು. "ಆದ್ರೆ ಬಿಳಿ ಬಟ್ಟೆ ಮಮ್ಮಿ, ಕಲೆ ಆದ್ರೆ?"

"ಆದ್ರೆ ಆಗ್ಲಿ. ಒಗೆಯೋಕೆ ನಾನಿದೀನಲ್ಲ."

ನನ್ನ ಗಂಡ ಬೈಕ್ ಹತ್ತಿ ಮೊದಲೇ ಹೋಗಿ ತಪ್ಪಿಸಿಕೊಂಡಿದ್ದರು. ನಾವು ಮೂವರು ಹೆಂಗಸರು ಮುಖ ಗಂಟು ಹಾಕಿಕೊಂಡು ಒಂದೇ ಆಟೋದಲ್ಲಿ ಹೋದೆವು.

ಬಿಷಪ್ ಮಗಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಆಮೇಲೆ ಮಕ್ಕಳ ಜೊತೆ ಮನೆಯವರೂ ಮೇಜಿನ ಮುಂದೆ ಮೊಣಕಾಲೂರಿದೆವು. ನನ್ನ ಪಕ್ಕ ಮಗಳು, ಅವಳ ಪಕ್ಕ ಅತ್ತೆ. ಮಗಳು ಪಾತ್ರೆಯಿಂದ ಕುಡಿದಳು. ಅಯ್ಯನವರು ಅದರ ಅಂಚನ್ನು ಬಟ್ಟೆಯಿಂದ ಒರೆಸಿ ಅತ್ತೆಯ ಮುಂದೆ ಹಿಡಿದರು. ಅತ್ತೆ ತುಟಿ ಬಿಗಿದು ಮುಖ ತಿರುಗಿಸಿಬಿಟ್ಟರು. ಅಯ್ಯನವರು ಸ್ವಲ್ಪ ಹೊತ್ತು ಕಾದು ಮುಂದಿನವರ ಕಡೆ ಹೋದರು. ಮಗಳು ಅದನ್ನು ನೋಡಿದಳು. ನಾನು ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಮನೆಗೆ ಬಂದ ಮೇಲೆ ಅತ್ತೆ ಊಟಕ್ಕೆ ಏಳಲಿಲ್ಲ. ಕರೆಯಲು ಹೋದರೆ ನನ್ನನ್ನೇ ದಿಟ್ಟಿಸಿ ಕೇಳಿದರು.

"ನಮ್ಮಮ್ಮನ ಕೊನೇ ಈಸ್ಟರು. ಅವಳಿಗೆ ಸರಿಯಾಗಿ ನಡೆಯೋಕೂ ಆಗ್ತಿರ್ಲಿಲ್ಲ. ಮೇಜಿಗೆ ಜೊತೆಗೆ ಬಾ ಅಂತ ನನ್ ಕಡೆ ಕೈ ಚಾಚಿದ್ಲು. ನಾನು ಹೊರಗಾಗಿದ್ದೆ, ಏಳ್ಲಿಲ್ಲ. ಬೇರೆ ಯಾರೋ ಹಿಡ್ಕೊಂಡು ಹೋದ್ರು. ನೀನ್ ಹೇಳೋದು ಸರಿ ಅಂದ್ರೆ, ಅವತ್ತು ನಾನ್ ಕೂತಿದ್ದು ಸುಮ್‌ಸುಮ್ನೇನಾ?"

ಸಮಾಧಾನದ ಮಾತು ಬಾಯಿಗೆ ಬಂದಿತ್ತು. ಆದರೆ ಮಗಳು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಈಗ ನಾನೊಂದು ಸುಳ್ಳು ಹೇಳಿದರೆ ಮುಂದೆ ಇವಳೂ ಹಾಗೇ ಕೂರುತ್ತಾಳೆ.

"ಹೌದು ಅತ್ತೆ," ಅಂದೆ. "ಸುಮ್‌ಸುಮ್ನೆ."

ಅತ್ತೆ ಸೆರಗನ್ನು ಬಾಯಿಗೊತ್ತಿಕೊಂಡು ಅತ್ತರು. ಅವರ ಪಕ್ಕದಲ್ಲಿ ಕೂತು ನಾನೂ ಅತ್ತುಬಿಟ್ಟೆ. ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.